ಮೂರು ಆಯುಧಪೂಜೆಯ ಆಯುಷ್ಯ

ಒಂದೂರಿನಲ್ಲಿ ಒಬ್ಬ ಎಣ್ಣೆ ಮಿಲ್ಲಿನ ಶ್ರೀಮಂತನಿದ್ದ. ದೇವರಲ್ಲಿ ಭಕ್ತಿ ಬಹಳ, ಯಂತ್ರಗಳಲ್ಲಿ ಇನ್ನೂ ಬಹಳ. ಆಯುಧಪೂಜೆ ಬಂತೆಂದರೆ ಮಿಲ್ಲಿನ ಕಂಪ್ಯೂಟರಿಗೆ ಮೂರು ಬೆರಳಿನ ವಿಭೂತಿ, ಬೊಗಸೆ ಕುಂಕುಮ, ಚೆಂಡುಹೂವಿನ ಹಾರ, ಮೂತಿಗೇ ಹಿಡಿದ ಧೂಪ. ಆಮೇಲೆ ಧೂಳು ಕೂರಬಾರದೆಂದು ಮೇಲೊಂದು ಜರಿ ಶಾಲು. ಮುಂದಿನ ಪೂಜೆಯವರೆಗೆ ಆ ಶಾಲು ತೆಗೆಯುವಂತಿಲ್ಲ. ನೋಡಿ, ಎಂಥ ಗೌರವ!

ಆದರೂ ಮೂರು ವರ್ಷ ತುಂಬುವಷ್ಟರಲ್ಲಿ ಕಂಪ್ಯೂಟರ್ ಬಿಸಿಯೇರಿ ಕಾದು ಸಾಯುತ್ತಿತ್ತು. ಒಂದು ಸತ್ತಿತು. ಎರಡನೆಯದೂ ಸತ್ತಿತು. ಮೂರನೆಯದು ಕಣ್ಣು ಮುಚ್ಚಿದ ದಿನ, ಒಂಬತ್ತು ವರ್ಷದಿಂದ ಆ ಮಿಲ್ಲಿನ ಕಂಪ್ಯೂಟರ್ ಮುಂದೆ ಕೂತು ಪತ್ರ ಟೈಪ್ ಮಾಡುತ್ತಿದ್ದ ಹೆಂಗಸನ್ನು ಶ್ರೀಮಂತ ಕರೆದ.

“ನಿನ್ನ ಕೈಗುಣವೇ ಸರಿ ಇಲ್ಲಮ್ಮ. ಹೊಸ ಕಂಪ್ಯೂಟರ್ ತರ್ತೀನಿ, ಜೊತೆಗೆ ಹೊಸ ಹುಡುಗೀನೂ. ಸೋಮವಾರದಿಂದ ಬರಬೇಡ.”

ಆಕೆಯದು ಗಂಡನಿಲ್ಲದ ಮನೆ, ಈ ಸಂಬಳ ನಿಂತರೆ ಒಲೆಯೇ ನಿಂತಂತೆ.

“ಒಂದ್ಸಲ ಬಿಚ್ಚಿಸಿ ನೋಡಿ ಯಜಮಾನ್ರೇ. ಆಮೇಲೆ ನೀವು ಹೇಳಿದ ಹಾಗೆ.”

ರಿಪೇರಿಯವನು ಬಂದು ಪೆಟ್ಟಿಗೆ ಬಿಚ್ಚಿದ. ಫ್ಯಾನೇ ಕಾಣಲಿಲ್ಲ! ಕುಂಕುಮ, ಅಕ್ಷತೆ, ಒಣಗಿದ ಹೂವು, ಧೂಪದ ಮಸಿ.

“ಯಜಮಾನ್ರೇ, ಇದು ಕಂಪ್ಯೂಟರೋ ನಾಗಪ್ಪನ ಹುತ್ತವೋ? ಉಸಿರಾಡೋ ತೂತೆಲ್ಲ ಮುಚ್ಚಿ, ಮೇಲೆ ಶಾಲು ಬೇರೆ ಹೊದಿಸಿದ್ದೀರಲ್ಲ!”

“ಅದು ಬಾಳೋದೇ ಮೂರು ವರ್ಷ ಕಣಯ್ಯ.”

“ಮೊದಲನೇದು ನಮ್ಮನೇಲಿದೆ,” ಎಂದಳು ಆಕೆ ಮೆಲ್ಲಗೆ. “ಗುಜರಿಗೆ ಹಾಕು ಅಂದ್ರಲ್ಲ, ಆಗ ನಿಮ್ಮನ್ನ ಕೇಳಿಯೇ ಒಯ್ದೆ. ಒಂದು ಫ್ಯಾನ್ ಹಾಕಿಸಿದೆ. ಆರು ವರ್ಷ ಆಯ್ತು, ಮಗಳು ಅದರಲ್ಲೇ ಓದ್ತಾಳೆ.”

“ಪೂಜೆ?”

“ಪೂಜೆ ಇಲ್ಲ. ತಿಂಗಳಿಗೊಂದ್ಸಲ ಬ್ರಷ್‌ನಲ್ಲಿ ಧೂಳು ತೆಗೀತೀನಿ.”

ಶ್ರೀಮಂತ ಬೆವರು ಒರೆಸಿಕೊಂಡ. ಆಕೆಯ ಕೆಲಸ ಉಳಿಯಿತು. ಅವನು ಕಲಿತದ್ದೇನು ಗೊತ್ತೇ? ಮರುದಿನವೇ ಒಂದು ಬ್ರಷ್ ತರಿಸಿದ. ತರಿಸಿ, ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿಟ್ಟ!

ನಗಬೇಡಿ. ನಾವೂ ಅವನೇ. ಇದೆಷ್ಟು ವರ್ಷ ಬಾಳುತ್ತದೆ ಎಂದು ಅಂಗಡಿಯವನನ್ನು ಕೇಳುತ್ತೇವೆ. ನಾವೆಷ್ಟು ದಿನ ನೋಡಿಕೊಳ್ಳುತ್ತೇವೆಂದು ಅವನು ಯಾರನ್ನು ಕೇಳಬೇಕು? ಮನೆಗೆಲಸದವಳಿಗೆ ಹಬ್ಬಕ್ಕೊಂದು ಸೀರೆ ಕೊಟ್ಟವರು, ಉಳಿದ ದಿನ ಕೂರಲು ಮಣೆ ಕೊಟ್ಟಿದ್ದೀರಾ? ಇವತ್ತು ಮನೆಗೆ ಹೋದವರೇ ಯಂತ್ರದ ಧೂಳು ತೆಗೆಯಿರಿ. ಆಮೇಲೆ ನಿಮಗಾಗಿ ದುಡಿದು ದಣಿದವರ ಹತ್ತಿರ ಹೋಗಿ, ಉಂಡರಾ ಎಂದು ಕೇಳಿರಿ. ಪೂಜೆ ತಡವಾದರೆ ದೇವರು ಕಾಯುತ್ತಾನೆ. ಉಸಿರು ಕಟ್ಟಿದವರು ಕಾಯುವುದಿಲ್ಲ.