ಬೋರಣ್ಣನ ಜಾಗಕ್ಕೆ ಯಾರು

೧೯೬೩ರ ಒಂದು ಸಂಜೆ ಜಯನಗರದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ನಿಂತಿದ್ದರು. ಒಂದೇ ಕಾರ್ಖಾನೆಯ ಫುಟ್‌ಬಾಲ್ ತಂಡದವರೆಂದು ಮಾತಿನಿಂದಲೇ ತಿಳಿಯಿತು. ಕುಂಟುತ್ತಿದ್ದವನು ವೆಂಕಟಾಚಲ, ಮೊದಲು ಆಟಗಾರ, ಈಗ ಕೋಚ್. ಇನ್ನೊಬ್ಬ ಬೋರಣ್ಣ, ಇನ್ನೂ ಆಡುತ್ತಿದ್ದವನು. ಕಿವಿಯ ಬಳಿ ಕೂದಲು ನರೆತಿತ್ತು.

ಮೊದಲು ಮಾತಾಡಿದವನು ಕೋಚ್.

“ಭಾನುವಾರದ ಮ್ಯಾಚಿಗೆ ನಿನ್ನನ್ನ ಹಾಕಿಲ್ಲ ಕಣೋ ಬೋರ.”

“ತಮಾಷೆ ಮಾಡ್ಬೇಡ ವೆಂಕಟಾಚಲ.”

“ತಮಾಷೆ ಅಲ್ಲ. ನಿನ್ ಕೈಲಿ ಓಡೋಕೆ ಆಗ್ತಿಲ್ಲ.”

“ನಿನ್ ಮಂಡಿ ಮುರಿದಾಗ ಗ್ರೌಂಡಿಂದ ಹೊತ್ಕೊಂಡು ಬಂದೋನು ಯಾರು?”

“ನೀನೇ. ಅದಕ್ಕೇ ನೋಟಿಸ್ ಬೋರ್ಡಲ್ಲಿ ಪಟ್ಟಿ ಹಾಕೋಕೆ ಮುಂಚೆ ನಾನೇ ಬಂದು ಹೇಳ್ತಿದೀನಿ.”



“ನನ್ ಜಾಗಕ್ಕೆ ಯಾರು?”

“ಆ ಇಟ್ಟಮಡು ಹುಡುಗ, ಚಿಕ್ಕಬೈರಪ್ಪ.”

“ಅವನಾ? ಎಡಗಾಲಲ್ಲಿ ಒದೆಯೋಕೇ ಬರಲ್ಲ ಅವನಿಗೆ!”

“ಗೊತ್ತು. ನೀನು ಹೇಳ್ಕೊಡು.”

“ನನ್ನನ್ನ ತೆಗೆದ್ಬಿಟ್ಟು ನನ್ ಕೈಲೇ ಹೇಳ್ಕೊಡಿಸ್ತೀಯಾ?”

“ನನಗೂ ಹಿಂಗೇ ಆಯ್ತು. ಮೊದ್ಲು ಗ್ರೌಂಡ್ ಕಡೆ ತಿರುಗಿ ನೋಡೋಕೂ ಮನಸ್ಸು ಬರ್ತಿರ್ಲಿಲ್ಲ. ಹುಡುಗರಿಗೆ ಹೇಳ್ಕೊಡೋಕೆ ಶುರು ಮಾಡಿದ್ಮೇಲೆ ಸರಿ ಹೋಯ್ತು.”

ಅಷ್ಟರಲ್ಲಿ ಬಸ್ಸು ಬಂತು, ಇಬ್ಬರೂ ಹತ್ತಿದರು. ಬಸ್ಸು ಹೊರಡುವಾಗ ಕಿಟಕಿಯಿಂದ ಬೋರಣ್ಣನ ದನಿ ಕೇಳಿಸಿತು.

“ನಾಳೆ ಪ್ರಾಕ್ಟೀಸಿಗೆ ಅವನನ್ನ ಎಷ್ಟೊತ್ತಿಗೆ ಬರೋಕೆ ಹೇಳಿದೀಯ?”