ಅಪ್ಪನ ಪ್ರಾರ್ಥನೆಯಲ್ಲಿ ಯಾರ ಹೆಸರು

೧೯೬೧ರ ಒಂದು ಮಧ್ಯಾಹ್ನ ಯಶವಂತಪುರ ಸ್ಟೇಷನ್ನಿನಲ್ಲಿ ತುಮಕೂರಿನ ಗಾಡಿಗೆ ಕಾಯುತ್ತಿದ್ದೆ. ಅದೇ ಬೆಂಚಿನ ಮೇಲೆ ಅಕ್ಕ ತಂಗಿಯರಿಬ್ಬರು ಕೂತಿದ್ದರು. ಅಕ್ಕನ ತಲೆ ತುಂಬ ಸೆರಗು, ಮೊಣಕೈವರೆಗೆ ಮೈದಾ ಹಿಟ್ಟು. ತಂಗಿಯ ಮುಡಿಯಲ್ಲಿ ಕನಕಾಂಬರ. ತಂಗಿ ಒಂದು ಬಾಳೆಹಣ್ಣು ಚಾಚಿದಳು.

"ತಗೋ, ಸಾರಕ್ಕ."

"ಬೇಡ ಎಸ್ತೇರು. ಸಭೆಯಿಂದ ಹೊರಗೆ ಹಾಕಿದವರ ಜೊತೆ ತಿನ್ನಬಾರದು ಅಂದಿದಾರೆ ಅಪ್ಪ."

"ನಾನು ಕಟ್ಕೊಂಡಿದ್ದೂ ಕ್ರೈಸ್ತನನ್ನೇ ಅಲ್ವಾ?"

"ನಮ್ಮ ಸಭೆಯವನಲ್ವಲ್ಲ."

"ಅಣ್ಣಂದಿರು?"

"ಎಲ್ರೂ ಅಪ್ಪನ ಬೇಕರಿಲೇ. ಎಲ್ರಿಗಿಂತ ಮುಂಚೆ ಎದ್ದು ಹಿಟ್ಟು ನಾದೋಳು ನಾನು. ಭಾನುವಾರ ಸಭೇಲಿ ಯೇಸುವಿನ ನೆನಪಿಗೆ ಮುರಿದು ಹಂಚೋ ರೊಟ್ಟಿನೂ ನಾನೇ ಮಾಡೋದು."

"ಹಂಗಾದ್ರೆ ಅಪ್ಪಂಗೆ ನೀನೇ ಮುದ್ದು ಬಿಡು."

ಅಕ್ಕ ನಕ್ಕಳು. ಕೇಳಲು ಹಿತವಾದ ನಗುವಲ್ಲ ಅದು.

"ದಿನಾ ಸಾಯಂಕಾಲ ಪ್ರಾರ್ಥನೆಗೆ ಮೊಣಕಾಲೂರಿದ್ರೆ, 'ಕರ್ತನೇ, ನನ್ನ ಎಸ್ತೇರಳನ್ನ ಮನೆಗೆ ಕರ್ಕೊಂಡು ಬಾ' ಅಂತ ಅಳ್ತಾರೆ ಅಪ್ಪ. ನನ್ನ ಹೆಸರು ಒಂದಿನಾನೂ ಅವರ ಬಾಯಲ್ಲಿ ಬಂದಿಲ್ಲ ಕಣೇ. ಮನೇಲೇ ಬಿದ್ದಿರೋಳಿಗೋಸ್ಕರ ದೇವರನ್ನ ಯಾಕೆ ಬೇಡ್ಕೋಬೇಕು?"

ತಂಗಿ ಕಣ್ಣೊರೆಸಿಕೊಂಡಳು.

"ನಾನು ಬಂದುಬಿಡ್ಲಾ ಅಕ್ಕ?"

"ಬರ್ಬೇಡ."

"ಅಪ್ಪ ಹಂಗೆ ಬೇಡ್ಕೊಂಡಾಗ ನೀನು ಆಮೆನ್ ಅನ್ನಲ್ವಾ?"

"ಅಂತೀನಿ. ಎಲ್ರಿಗಿಂತ ಜೋರಾಗಿ ಅಂತೀನಿ. ಆಗಲಾದ್ರೂ ಅಪ್ಪ ತಿರುಗಿ ನನ್ನ ನೋಡ್ಲಿ ಅಂತ."

ಗಾಡಿ ಬಂತು. ತಂಗಿ ಹಣ್ಣನ್ನು ಬೆಂಚಿನ ಮೇಲೇ ಬಿಟ್ಟು ಹತ್ತಿದಳು. ಅಕ್ಕ ಅದನ್ನು ಮುಟ್ಟದೆ, ಸೆರಗು ಸರಿಮಾಡಿಕೊಂಡು ಬೇಕರಿಯ ಕಡೆ ಹೊರಟಳು.