ಒಳಗೆ ಇಬ್ಬರು

ನಮ್ಮ ದೊಡ್ಡಮ್ಮನ ಮಗಳು ಆ ರಾತ್ರಿ ಮನೆಗೆ ನಡೆದುಕೊಂಡೇ ಬಂದಳು. ದಾರಿಯಲ್ಲಿ ಒಂದು ಪಾಳುಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಬಾವಿಯವರೆಗೂ ಅವಳ ಕಿವಿಗೆ ಬೀಳುತ್ತಿದ್ದದ್ದು ತನ್ನ ಬೂಟಿನ ಸದ್ದೊಂದೇ ಅಲ್ಲ. ಟಕ್... ಟಕ್... ಅದು ಅವಳದು. ಅದರ ಹಿಂದೆಯೇ, ಅವಳ ಎರಡು ಹೆಜ್ಜೆಗೆ ಮೂರರಂತೆ, ಪಟ ಪಟ ಪಟ... ಬರಿಗಾಲಿನದು. ಬಾವಿಯ ಹತ್ತಿರ ಅವಳು ನಿಂತಳು. ಅದೂ ನಿಂತಿತು. ಆಮೇಲೆ ಎಡಗಡೆಯ ಓಣಿಗೆ ತಿರುಗಿ, ಓಡಿ, ಕೇಳದಾಯಿತು.

ಅವಳು ತಿರುಗಿ ನೋಡಲಿಲ್ಲ. ಯಾಕೆ ಅಂತೀರಾ... ಮಧ್ಯಾಹ್ನದಿಂದ ಹೇಳುತ್ತೇನೆ, ಕೇಳಿ.

ಅವಳ ಕೆಲಸ ಹಳೆಯ ಕಟ್ಟಡಗಳ ಫೋಟೋ ತೆಗೆಯುವುದು. ದುರಸ್ತಿಗೆ ಮುಂಚೆ ಏನೇನು ಎಲ್ಲೆಲ್ಲಿತ್ತು ಅನ್ನುವುದಕ್ಕೆ ದಾಖಲೆ ಬೇಕಲ್ಲ, ಅದಕ್ಕೆ. ಎಲ್ಲರ ಹಾಗೆ ಮದುವೆ ಫೋಟೋ ತೆಗೆಯಬಾರದೇನೇ ಅಂತ ದೊಡ್ಡಮ್ಮ ಗೊಣಗಿದರೆ, ಗೋಡೆಗಳು ಕಣ್ಣು ಮುಚ್ಚಲ್ಲಮ್ಮ ಅನ್ನುತ್ತಿದ್ದಳು. ಈ ಸಲ ಸಿಕ್ಕಿದ್ದು ಅರಮನೆಯಂಥ ಹಳೇ ಸಿನಿಮಾ ಮಂದಿರ. ಸಾವಿರದ ಮೇಲೆ ಸೀಟು, ಚಾವಣಿಯ ತುಂಬ ಗಾರೆಯ ಹೂಬಳ್ಳಿ, ಪರದೆಯ ಎರಡೂ ಕಡೆ ಬಣ್ಣ ಹೋದ ಮಖಮಲ್ಲು. ಹನ್ನೊಂದು ವರ್ಷದಿಂದ ಬೀಗ. ಮರುದಿನ ಬೆಳಗ್ಗೆ ಸೀಟು ಕೀಳುವವರು ಬರುತ್ತಿದ್ದರು, ಹಾಗಾಗಿ ಅವಳಿಗಿದ್ದದ್ದು ಅದೊಂದೇ ಮಧ್ಯಾಹ್ನ. ಯಾರ ಕೈಕೆಳಗೂ ಅಲ್ಲದೆ ಅವಳಿಗೇ ಅಂತ ಬಂದ ಮೊದಲ ಕೆಲಸ ಬೇರೆ.

ಗಾರೆ ಉದುರುವ ಕಟ್ಟಡ, ಒಬ್ಬರೇ ಹೋಗುವಂತಿಲ್ಲ ಅಂತ ಕೆಲಸ ಕೊಟ್ಟ ಆಫೀಸಿನ ಕಟ್ಟಪ್ಪಣೆ. ಇಬ್ಬರು ಬೇಕು, ಇಬ್ಬರ ತಲೆಗೂ ಹೆಲ್ಮೆಟ್ ಬೇಕು. ಜೊತೆಗೆ ಬರಬೇಕಿದ್ದ ಗೆಳತಿ ಜ್ವರ ಅಂತ ಮಲಗಿಬಿಟ್ಟಳು. ಇವಳೇನು ಮಾಡಿದಳು... ಕಾವಲುಗಾರ ಬಾಗಿಲು ತೆರೆದಿಟ್ಟು ಹಾಜರಿ ಪುಸ್ತಕ ತರಲು ಹೋದಾಗ, ಮೊಳೆಗೆ ನೇತುಹಾಕಿದ್ದ ಎರಡೂ ಹಳದಿ ಹೆಲ್ಮೆಟ್ ತೆಗೆದುಕೊಂಡಳು. ಗೆಳತಿ ಆಗಲೇ ಒಳಗೆ ಹೋದಳು ಅಂತ ಅವನಿಗೆ ಹೇಳಿದಳು.

ಆತ ಅದೇ ಮಂದಿರದಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ಜನರನ್ನು ಒಳಗೆ ಬಿಟ್ಟವನು. ಮುಚ್ಚಿದ ಮೇಲೆ ಕಾವಲಿಗೆ ಉಳಿದವನು. ಪಿಕ್ಚರ್ ಮುಗಿದು ಹನ್ನೊಂದು ವರ್ಷಕ್ಕೆ ಬಂದ್ರಲ್ಲಮ್ಮ, ಸ್ವಲ್ಪ ತಡ ಆಯ್ತು ಅಂತ ತಮಾಷೆ ಮಾಡಿದ. ಪುಸ್ತಕದಲ್ಲಿ ‘ಒಳಗೆ ಇಬ್ಬರು’ ಅಂತ ಬರೆದು, ಕೆಳಗೆ ಗೆರೆ ಎಳೆದು, ಸಹಿ ಹಾಕಿಸಿಕೊಂಡ. ಹಳೇ ಕಬ್ಬಿಣ ಕದಿಯುವವರ ಕಾಟ ಇದೆ, ಮುಗಿದಾಗ ಬಡಿಯಿರಿ ಅಂತ ಹೇಳಿ ಹೊರಗಿನಿಂದ ಅಗುಳಿ ಎಳೆದ. ಖಡಕ್.

ಹೊರಗೆ ಮೂರು ಗಂಟೆಯ ಬಿಸಿಲು. ಒಳಗೆ ತನ್ನ ಕೈ ತನಗೆ ಕಾಣದ ಕತ್ತಲೆ. ಟಾರ್ಚ್ ಹಾಕಿದಳು. ಸೀಟುಗಳೆಲ್ಲ ಮಡಚಿಕೊಂಡು ನಿಂತಿದ್ದವು. ಏಳನೇ ಸಾಲಿನಲ್ಲಿ ಒಂದು ಮಾತ್ರ ಕೆಳಗಿತ್ತು. ಹೆಚ್ಚಿಗೆ ಬಂದ ಹೆಲ್ಮೆಟ್ಟನ್ನು ಅದರ ಮೇಲಿಟ್ಟು, ಹಾಲಿನ ಕಟ್ಟಕಡೆಗೆ ಹೋಗಿ ಟ್ರೈಪಾಡ್ ಊರಿದಳು.

ಅಂಥ ಕತ್ತಲಲ್ಲಿ ಫೋಟೋ ತೆಗೆಯುವ ರೀತಿಯೇ ಬೇರೆ. ಕ್ಯಾಮೆರಾದ ಕಣ್ಣು ತೆರೆದು ನಾಲ್ಕು ನಿಮಿಷ ಹಾಗೇ ಬಿಡಬೇಕು. ಅಷ್ಟು ಹೊತ್ತೂ ಇವಳು ಕಪ್ಪು ಬಟ್ಟೆಯಲ್ಲಿ ಓಡಾಡುತ್ತ, ಗೋಡೆಗೆ, ಚಾವಣಿಗೆ, ಸೀಟುಗಳಿಗೆ ಸುಣ್ಣ ಬಳಿದ ಹಾಗೆ ಟಾರ್ಚಿನ ಬೆಳಕು ಬಳಿಯಬೇಕು. ಓಡಾಡುವ ಅವಳು ಫೋಟೋದಲ್ಲಿ ಬೀಳುವುದಿಲ್ಲ. ನಾಲ್ಕೂ ನಿಮಿಷ ಅಲುಗಾಡದೆ ಇದ್ದದ್ದು ಮಾತ್ರ ಬೀಳುತ್ತದೆ.

ಚಿಕ್... ನಾಲ್ಕು ನಿಮಿಷ... ಚಕ್. ಹೀಗೇ ಮಾಡುತ್ತ ಮಾಡುತ್ತ ರಾತ್ರಿ ಎಂಟಾಗಿತ್ತು. ಹೋಗಿ ಬಾಗಿಲು ಬಡಿದಳು. ಬಾಗಿಲಿನಲ್ಲಿದ್ದ ಸಣ್ಣ ಕಿಂಡಿಯ ತಗಡು ಸರ್ರ್ ಅಂತ ಸರಿಯಿತು. ಒಂದು ಕಣ್ಣು.

“ಇನ್ನೊಬ್ರು?”

ಆಗಲೇ ಹೊರಟುಹೋದಳಲ್ಲ ಅಂದಳು. ನಾನು ಈ ಸ್ಟೂಲು ಬಿಟ್ಟು ಎದ್ದೇ ಇಲ್ಲ ಅಂದ ಆತ. ಕೆಲಸ ಹೋದರೆ ಹೋಗಲಿ ಅಂತ ನಿಜ ಹೇಳಿಬಿಟ್ಟಳು. ಬಂದದ್ದು ತಾನೊಬ್ಬಳೇ, ಪುಸ್ತಕದಲ್ಲಿ ಇರುವುದು ಸುಳ್ಳು.

ಕಣ್ಣು ರೆಪ್ಪೆ ಹೊಡೆಯಲಿಲ್ಲ. ಕಿಂಡಿಯಿಂದ ಪಿಸುಮಾತು ಬಂತು.

“ಆವತ್ತೂ ಹೀಗೇ ಅಂದ್ರು. ಒಳಗೆ ಯಾರೂ ಇಲ್ಲ, ಬೀಗ ಹಾಕು ಅಂದ್ರು. ನನ್ನ ಲೆಕ್ಕಕ್ಕೆ ಒಬ್ರು ಕಡಿಮೆ ಇದ್ರು... ಆದ್ರೂ ಹಾಕ್ಬಿಟ್ಟೆ.”

“ಯಾವತ್ತು?”

“ಕರ್ಕೊಂಡು ಬನ್ನಿ. ಇಬ್ರೂ ಬಂದ್ರೆ ತೆಗೀತೀನಿ.”

ಸರ್ರ್. ಕಿಂಡಿ ಮುಚ್ಚಿತು.

ಅವಳು ಬಡಿದಳು, ಬೈದಳು, ಬೇಡಿಕೊಂಡಳು. ಹೊರಗೆ ಸ್ಟೂಲು ಕಿರುಗುಟ್ಟಿತು, ಅಷ್ಟೇ. ಪಕ್ಕದ ಬಾಗಿಲುಗಳಿಗೆಲ್ಲ ಅಡ್ಡಹಲಗೆ ಹೊಡೆದಿದ್ದರು. ಆ ಗೋಡೆಗಳ ಒಳಗೆ ಫೋನಿಗೆ ಸಿಗ್ನಲ್ ಅನ್ನುವುದೇ ಇರಲಿಲ್ಲ. ಮನೆಯಲ್ಲಿ ದೊಡ್ಡಮ್ಮ, ಮಗಳ ಜೊತೆ ಗೆಳತಿ ಇದ್ದಾಳೆ ಅಂತ ನಿಶ್ಚಿಂತೆಯಿಂದ ಇದ್ದರು, ಅವರಿಗೂ ಇವಳು ಹೇಳಿದ್ದು ಅದೇ. ಟಾರ್ಚಿನ ಬೆಳಕು ಕೆಂಪಗಾಗುತ್ತ ಬಂತು.

ಕೈಗೆ ಏನಾದರೂ ಕೆಲಸ ಬೇಕಿತ್ತು. ಕ್ಯಾಮೆರಾದ ಹತ್ತಿರ ಬಂದು, ತೆಗೆದ ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಸೀಟುಗಳ ಬೆನ್ನು, ಸಾಲಿಗೆ ಸಾಲು. ಎಲ್ಲವೂ ಖಾಲಿ. ಕೊನೆಯದಕ್ಕೆ ಬಂದು ಅವಳ ಬೆರಳು ನಿಂತಿತು. ಏಳನೇ ಸಾಲಿನಲ್ಲಿ, ಸೀಟಿನ ಬೆನ್ನಿನ ಮೇಲೆ, ಹಳದಿ ಹೆಲ್ಮೆಟ್ಟಿನ ನೆತ್ತಿ ಕಾಣುತ್ತಿತ್ತು. ಅವಳು ಇಟ್ಟಿದ್ದು ಕೂರುವ ಜಾಗದಲ್ಲಿ. ಹಿಂದಿನಿಂದ ಅದು ಕಾಣುವ ಮಾತೇ ಇಲ್ಲ. ದೊಡ್ಡದು ಮಾಡಿ ನೋಡಿದಳು... ಅಂಚು ಕೂಡ ಮಸುಕಾಗಿರಲಿಲ್ಲ. ನಾಲ್ಕು ನಿಮಿಷ ಅದು ಒಂದಿಷ್ಟೂ ಅಲುಗಾಡಿರಲಿಲ್ಲ.

ಟಾರ್ಚ್ ಆ ಕಡೆ ತಿರುಗಿಸಿದಳು. ಬೆನ್ನಿನ ಮೇಲೆ ಏನೂ ಇಲ್ಲ. ಅಷ್ಟರಲ್ಲಿ ಟಾರ್ಚೇ ಆರಿತು. ಕತ್ತಲಲ್ಲಿ, ಮುಂದೆಲ್ಲೋ, ಕಿರ್ರ್... ಕೂತು ಕೂತು ಬೇಸತ್ತವರು ಸೀಟಿನಲ್ಲಿ ಹೊರಳಿದಾಗ ಸ್ಪ್ರಿಂಗು ಮಾಡುವ ಸದ್ದು.

ಆಗ ಅವಳಿಗೆ ಅನ್ನಿಸಿದ್ದು ಒಂದೇ. ಆ ಬಾಗಿಲು ಒಬ್ಬಳಿಗೆ ತೆರೆಯುವುದಿಲ್ಲ. ಗೋಡೆ ಸವರುತ್ತ ಬಾಗಿಲಿನವರೆಗೆ ಬಂದು, ಅದಕ್ಕೆ ಮುಖ ಮಾಡಿ ನಿಂತಳು.

“ಪಿಕ್ಚರ್ ಮುಗೀತು... ಏಳು. ಮನೆಗೆ ಹೋಗೋಣ.”

ಏಳಿ ಅನ್ನದೆ ಏಳು ಅಂತ ಯಾಕೆ ಬಾಯಿಗೆ ಬಂತೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ.

ಏನೂ ಇಲ್ಲ. ಉಸಿರೂ ಇಲ್ಲ. ಆಮೇಲೆ... ಟಪ್. ಯಾರಾದರೂ ಎದ್ದಾಗ ಸೀಟು ತಾನಾಗಿ ಮಡಚಿಕೊಳ್ಳುತ್ತದಲ್ಲ, ಆ ಸದ್ದು. ಪಟ ಪಟ ಪಟ... ನಡುದಾರಿಯಲ್ಲಿ ಹತ್ತಿರ ಬಂತು. ಅವಳ ಬೆನ್ನ ಹಿಂದೆ ಬಂದು ನಿಂತಿತು.

ಕಿಂಡಿ ಸರಿಯಿತು. ಕಣ್ಣು ಅವಳನ್ನು ನೋಡಿತು. ಆಮೇಲೆ ಅವಳ ಹಿಂದೆ ನೋಡಿತು.

“ಒಂದು...” ಅಂದ ಆತ. ದನಿ ಒಡೆದಿತ್ತು. “ಎರಡು.”

ಖಡಕ್.

ಪುಸ್ತಕದಲ್ಲಿ ‘ಹೊರಗೆ ಇಬ್ಬರು’ ಅಂತ ಬರೆದು, ಕೆಳಗೆ ಗೆರೆ ಎಳೆದ. ತಲೆ ಎತ್ತದೆಯೇ ಹೇಳಿದ, “ಬಾವಿ ಹತ್ರ ಒಂದು ಗಳಿಗೆ ನಿಲ್ಲಿ. ತಿರುಗಿ ಮಾತ್ರ ನೋಡ್ಬೇಡಿ. ಅಲ್ಲಿಂದ ಮನೆ ದಾರಿ ಅದಕ್ಕೇ ಗೊತ್ತಾಗತ್ತೆ.”

ಕ್ಯಾಮೆರಾ, ಟ್ರೈಪಾಡ್ ಎಲ್ಲ ಒಳಗೇ ಬಿಟ್ಟು ಬಂದಿದ್ದಳು. ಮರುದಿನ ಬೆಳಗ್ಗೆ ತರಲು ಹೋದಾಗ ಸ್ಟೂಲು ಖಾಲಿ. ಕಾವಲುಗಾರ ಕೀಲಿಗೊಂಚಲನ್ನು ಪುಸ್ತಕದ ಮೇಲಿಟ್ಟು, ಯಾರಿಗೂ ಹೇಳದೆ ಹೋಗಿಬಿಟ್ಟಿದ್ದ. ಸೀಟು ಕೀಳುವವರು ಇನ್ನೂ ಬಂದಿರಲಿಲ್ಲ. ಬಾಗಿಲ ಪಕ್ಕದ ಮೊಳೆಗಳಲ್ಲಿ ಎರಡು ಹೆಲ್ಮೆಟ್ ನೇತಾಡುತ್ತಿದ್ದವು. ಒಂದನ್ನು ರಾತ್ರಿ ಅವಳೇ ಬಿಚ್ಚಿ ಹಾಕಿದ್ದಳು.

ಇನ್ನೊಂದನ್ನು, ಏಳನೇ ಸಾಲಿನ ಸೀಟಿನಲ್ಲೇ ಬಿಟ್ಟುಬಂದಿದ್ದನ್ನು, ಅವಳು ವಾಪಸ್ ಕೊಡಲಿಲ್ಲ. ದೊಡ್ಡಮ್ಮನ ಮನೆಯ ಅಟ್ಟದ ಮೇಲಿದೆ. ಕೇಳಿದವರು ನಗುತ್ತಾರೆ, ನಗಲಿ. ನಾನು ಕೈಯಾರೆ ಇಳಿಸಿ, ಹಾಕಿಕೊಂಡು ನೋಡಿದ್ದೇನೆ. ಗಲ್ಲದ ಪಟ್ಟಿಯನ್ನು ಕಟ್ಟಕಡೆಯ ತೂತಿನವರೆಗೆ ಎಳೆದು ಬಿಗಿದಿದ್ದಾರೆ. ಆ ಪಟ್ಟಿ ನನ್ನ ಕಿವಿಯಿಂದ ಕೆಳಗೆ ಇಳಿಯಲಿಲ್ಲ.